ಕೊಳ್ಳದ ಟಿಕೆಟ್ಟಿಗೆ ಬಂದ ಬಹುಮಾನ

ಆ ಪತ್ರ ಹೆಚ್ಚಾಗಿ ವಾಟ್ಸಾಪ್‌ನಲ್ಲಿ ಚಿತ್ರವಾಗಿ ಬರುತ್ತದೆ. ಮೇಲ್ಗಡೆ ಅಮಿತಾಭ್ ಬಚ್ಚನ್ ಮುಖ, ಪಕ್ಕದಲ್ಲಿ ಮೊಬೈಲ್ ಕಂಪನಿಯೊಂದರ ಗುರುತು, ಕೆಳಗೊಂದು ದುಂಡನೆಯ ಮೊಹರು, ಮೊಹರಿನ ಮೇಲೆ ಯಾರದೋ ಸಹಿ. ನಿಮ್ಮ ನಂಬರಿಗೆ 25 ಲಕ್ಷ ರೂಪಾಯಿಯ ಕೆಬಿಸಿ ಲಾಟರಿ ಹೊಡೆದಿದೆ ಎಂಬ ಒಕ್ಕಣೆ. ಬೆನ್ನಿಗೇ ಹಿಂದಿಯಲ್ಲಿ ಒಂದು ಧ್ವನಿ ಸಂದೇಶ: ಮ್ಯಾನೇಜರ್ ಸಾಹೇಬರ ನಂಬರನ್ನು ಸೇವ್ ಮಾಡಿಕೊಳ್ಳಿ, ವಾಟ್ಸಾಪ್ ಕರೆಯನ್ನೇ ಮಾಡಿ, ಸಾದಾ ಕರೆ ಬೇಡ, ದುಡ್ಡು ಕೈಸೇರುವವರೆಗೆ ಯಾರಿಗೂ ಹೇಳಬೇಡಿ. ಆ ನಂಬರು ಎಷ್ಟೋ ಸಲ +92ರಿಂದ ಶುರುವಾಗುತ್ತದೆ. ಅದು ಪಾಕಿಸ್ತಾನದ ಕೋಡ್. 2000ನೇ ಇಸವಿಯಲ್ಲಿ ಶುರುವಾದ ‘ಕೌನ್ ಬನೇಗಾ ಕರೋಡ್‌ಪತಿ’ ಪ್ರಶ್ನೆಗೆ ಉತ್ತರ ಹೇಳಿ ಗೆಲ್ಲುವ ಕಾರ್ಯಕ್ರಮ. ಫೋನ್ ನಂಬರಿಗೆ ಹೊಡೆಯುವ ಲಾಟರಿ ಅದರಲ್ಲಿ ಇಲ್ಲ.

ಮ್ಯಾನೇಜರ್ ಮೊದಲು ಕೇಳುವುದು ನೋಂದಣಿ ಶುಲ್ಕ. ಅದು ಎಂಟೋ ಹತ್ತೋ ಸಾವಿರ. ಕಟ್ಟಿದ ಮೇಲೆ ಜಿಎಸ್‌ಟಿ ಬಾಕಿ ಇದೆ ಎನ್ನುತ್ತಾನೆ. ಅದಾದ ಮೇಲೆ ಆದಾಯ ತೆರಿಗೆ, ಆಮೇಲೆ ಬ್ಯಾಂಕ್ ವರ್ಗಾವಣೆಯ ಖರ್ಚು. ಪ್ರತಿ ಸಲವೂ ‘ಇದೊಂದೇ ಕಂತು ಮೇಡಂ’. ಇಲ್ಲಿಯವರೆಗೆ ಕಟ್ಟಿದ್ದು ದಂಡವಾಗಬಾರದಲ್ಲ ಎಂಬ ಸಂಕಟವೇ ಮುಂದಿನ ಕಂತನ್ನೂ ಕಟ್ಟಿಸುತ್ತದೆ.

ಇದೇ ಮೋಸದ ಇನ್ನೊಂದು ರೂಪ ಅಂಚೆಯಲ್ಲಿ ಬರುತ್ತದೆ. ಹೆಸರಾಂತ ಆನ್‌ಲೈನ್ ಮಾರಾಟ ಕಂಪನಿಯ ಹೆಸರು ಹೊತ್ತ ಲಕೋಟೆ, ಒಳಗೆ ಸ್ಕ್ರ್ಯಾಚ್ ಕಾರ್ಡ್. ಉಗುರಿನಿಂದ ಕೆರೆದರೆ ಕಾರು, ಇಲ್ಲವೇ ಅದರ ಬದಲಿಗೆ ಲಕ್ಷಗಟ್ಟಲೆ ಹಣ. ಲಕೋಟೆಯ ಮೇಲೆ ಮನೆಯ ಸರಿಯಾದ ವಿಳಾಸ, ಯಜಮಾನರ ಸರಿಯಾದ ಹೆಸರು ಇರುವುದರಿಂದ ಕಾಗದಕ್ಕೆ ಒಂದು ತೂಕ ಬರುತ್ತದೆ. ಹಿಂದೆ ಯಾವಾಗಲೋ ಸಾಮಾನು ತರಿಸಿಕೊಂಡಿದ್ದರೆ ನಂಬಿಕೆ ಇನ್ನೂ ಬಲವಾಗುತ್ತದೆ.

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಅಂಜನಾನಗರ, ಬ್ಯಾಡರಹಳ್ಳಿಗಳ ನೆರೆಯಲ್ಲಿರುವ ಹೇರೋಹಳ್ಳಿಯಂಥ ಕಡೆ ಈ ಪತ್ರ ಎಂಥವರ ಕೈಗೆ ಸೇರುತ್ತದೆಂದು ಊಹಿಸುವುದು ಕಷ್ಟವಲ್ಲ. ಒಂದು ಕೆರೆ, ಹಳೆಯ ಊರು, ಅದರ ಸುತ್ತ ಬೆಳೆದ ಬಾಡಿಗೆ ಮನೆಗಳ ಸಾಲು. ಬೆಳಿಗ್ಗೆ ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸ್‌ಗಳಿಗೂ ಹೊರಡುವ ಜನ, ಆಟೋ ಓಡಿಸುವವರು, ಮನೆಯಲ್ಲೇ ಟೈಲರಿಂಗ್ ಮಾಡುವವರು. ತಿಂಗಳ ಸಂಬಳ ತಿಂಗಳಿಗೇ ಸರಿಹೋಗುವ ಇಂಥ ಮನೆಗಳಿಗೆ ಬೇಕಾಗುವುದು ಒಟ್ಟಿಗೆ ಬರುವ ಹಣ: ಭೋಗ್ಯಕ್ಕೆ ಮನೆ ಹಿಡಿಯಲು, ಮಗಳ ಕಾಲೇಜು ಸೀಟಿಗೆ, ಕೈಸಾಲ ಒಮ್ಮೆಲೇ ತೀರಿಸಲು.

ಇಂಥ ಒಂದು ಮನೆಯಲ್ಲಿ ಮೋಸ ನಡೆದು ಸುದ್ದಿ ಹೊರಬಿದ್ದರೆ ಅಕ್ಕಪಕ್ಕದಲ್ಲಿ ಎದ್ದುಬರುವ ಮಾತು ಎಲ್ಲ ಊರಿನಲ್ಲೂ ಒಂದೇ. ‘ಕಷ್ಟಪಡದೆ ದುಡ್ಡು ಬರುತ್ತೆ ಅಂದ್ರೆ ಹೀಗೇ ಆಗೋದು.’ ಇನ್ನು ಕೆಲವರು, ‘ಏನು ಮಾಡೋದು, ಪ್ರಾರಬ್ಧ.’ ಒಂದು ಮಾತು ಮೋಸಹೋದವರನ್ನು ಪಾಪಿಗಳನ್ನಾಗಿ ಮಾಡುತ್ತದೆ; ಇನ್ನೊಂದು ಮೋಸ ಮಾಡಿದವನನ್ನು ಕತೆಯಿಂದಲೇ ಹೊರಗೆ ಕಳಿಸುತ್ತದೆ. ಎರಡನ್ನೂ ಧರ್ಮದ ಮಾತೆಂದೇ ಹೇಳಲಾಗುತ್ತದೆ. ಅವು ನಿಜಕ್ಕೂ ಧರ್ಮದ ಮಾತುಗಳೇ ಎಂಬುದನ್ನು ಒರೆಗೆ ಹಚ್ಚಬೇಕಾಗಿದೆ, ಏಕೆಂದರೆ ಈ ಮೋಸ ಬದುಕಿರುವುದೇ ಇವುಗಳ ನೆರಳಿನಲ್ಲಿ.

ಜೂಜನ್ನು ಧರ್ಮಗಳು ಖಂಡಿಸಿವೆ ಎಂಬುದರಲ್ಲಿ ಅನುಮಾನವಿಲ್ಲ. ಋಗ್ವೇದದ ಹತ್ತನೇ ಮಂಡಲದಲ್ಲಿ ಜೂಜುಗಾರನೊಬ್ಬ ಹೆಂಡತಿ, ಮನೆ, ಮಾನ ಕಳೆದುಕೊಂಡು ಗೋಳಿಡುವ ಸೂಕ್ತವಿದೆ. ದಾಳ ಬಿಟ್ಟು ಹೊಲ ಉಳು ಎಂಬ ಬುದ್ಧಿಮಾತು ಅದರಲ್ಲೇ ಬರುತ್ತದೆ. ಜೈನರು ಎಣಿಸುವ ಸಪ್ತವ್ಯಸನಗಳಲ್ಲಿ ಜೂಜು ಒಂದು. ಕುರಾನ್ ‘ಮೈಸಿರ್’ ಎಂದು ಕರೆದು ಅದನ್ನು ನಿಷೇಧಿಸಿದೆ. ಧರ್ಮರಾಯನ ಪಗಡೆಯ ಕತೆಯನ್ನಂತೂ ಕನ್ನಡ ನಾಡಿನ ಪ್ರತಿ ಊರಿನ ಹರಿಕತೆ, ಯಕ್ಷಗಾನ, ನಾಟಕ ಹೇಳಿವೆ.

ಆದರೆ ನಕಲಿ ಲಾಟರಿಯಲ್ಲಿ ಹಣ ಕಳೆದುಕೊಂಡ ಹೆಂಗಸು ಜೂಜಾಡಿಲ್ಲ. ಆಕೆ ಟಿಕೆಟ್ ಕೊಂಡಿಲ್ಲ, ಪಣಕ್ಕೆ ಏನನ್ನೂ ಇಟ್ಟಿಲ್ಲ. ಸುದ್ದಿ ತಾನಾಗಿ ಮನೆಗೆ ಬಂತು, ಅದನ್ನು ನಂಬಿದರು. ಧರ್ಮರಾಯನ ಮೇಲೆ ಹೊರಿಸುವ ದೋಷವನ್ನು ಆಕೆಯ ಮೇಲೆ ಹೊರಿಸಲು ಬರುವುದಿಲ್ಲ.

ನಂಬಿದ್ದು ದಡ್ಡತನ ಎನ್ನುವುದೂ ಅಷ್ಟೇ ಅವಸರದ ತೀರ್ಮಾನ. ಚೀಟಿ ಎತ್ತಿದರೆ ಒಟ್ಟಿಗೆ ಹಣ ಬರುವುದನ್ನು ಆಕೆ ಕಣ್ಣಾರೆ ಕಂಡಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟುಗಳನ್ನು ಬಡ ಮಕ್ಕಳಿಗೆ ಹಂಚುವಾಗ ಶಿಕ್ಷಣ ಇಲಾಖೆಯೇ ಲಾಟರಿ ಎತ್ತುತ್ತದೆ. ಹಾಗೆ ಸೀಟು ಸಿಕ್ಕ ಮಗು ಪಕ್ಕದ ಮನೆಯಲ್ಲೇ ಇರಬಹುದು. ಇಂಥ ಮೊಬೈಲ್ ಸಂದೇಶಗಳೇ ನಿಜವಾದ ಸುದ್ದಿಯನ್ನೂ ತರುತ್ತವೆ: ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿದ್ದದ್ದು ತಿಳಿಯುವುದೂ ಹೀಗೆಯೇ. ದೇವರ ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ಕೆಲಸ ಕೈಗೂಡುತ್ತದೆ ಎಂದು ಕಾಯುವ ಮನಸ್ಸಿಗೆ, ಅನಿರೀಕ್ಷಿತವಾಗಿ ಬಂದ ಶುಭಸುದ್ದಿ ‘ಅಂತೂ ದೇವರು ಕಣ್ಣು ಬಿಟ್ಟ’ ಎಂದೇ ಕೇಳಿಸುತ್ತದೆ. ಮೋಸಗಾರ ಬಳಸಿಕೊಳ್ಳುವುದು ಈ ಕೃತಜ್ಞತೆಯನ್ನು. ಅದಕ್ಕೆ ದುರಾಸೆ ಎಂದು ಹೆಸರಿಡುವುದು ಅನ್ಯಾಯ.

ಮೋಸವನ್ನು ಗುರುತಿಸುವ ಒರೆಗಲ್ಲು ಕೂಡ ಈ ಭಕ್ತಿಯ ಒಳಗೇ ಇದೆ. ದಾಸರಾಗಲಿ ಶರಣರಾಗಲಿ, ಈ ನಾಡಿನ ಭಕ್ತಿಪರಂಪರೆ ಕೃಪೆಯ ಬಗ್ಗೆ ಏನೇ ಹೇಳಿದ್ದರೂ ಅದು ಮುಂಗಡ ಕೇಳುತ್ತದೆ ಎಂದು ಹೇಳಿಲ್ಲ. ದೇವರು ಕೊಡುವುದಾದರೆ ನೋಂದಣಿ ಶುಲ್ಕ ಇರುವುದಿಲ್ಲ. ಇದು ಮನುಷ್ಯರ ವ್ಯವಹಾರವಾದರೆ, ಅರ್ಜಿಯೋ ಟಿಕೆಟ್ಟೋ ನಮ್ಮ ಕೈಯಲ್ಲಿ ಮೊದಲೇ ಇರಬೇಕು. ಶಾಲೆಯ ಸೀಟಿಗೆ ಅರ್ಜಿ ಹಾಕಿರುತ್ತೇವೆ, ಚೀಟಿಗೆ ಕಂತು ಕಟ್ಟಿರುತ್ತೇವೆ. ಅರ್ಜಿಯೂ ಇಲ್ಲದ, ಟಿಕೆಟ್ಟೂ ಇಲ್ಲದ, ಆದರೂ ಶುಲ್ಕ ಕೇಳುವ ಬಹುಮಾನ ಈ ಎರಡು ಜಾತಿಗೂ ಸೇರುವುದಿಲ್ಲ.

ನಿಜವಾದ ಲಾಟರಿ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದರೆ ನಕಲಿಯದು ಬೇಗ ಬಯಲಾಗುತ್ತದೆ. ಪಕ್ಕದ ಕೇರಳ 1967ರಲ್ಲಿ ಲಾಟರಿ ಇಲಾಖೆ ತೆರೆದು, 1968ರ ಜನವರಿ 26ರಂದು ಮೊದಲ ಡ್ರಾ ನಡೆಸಿತು. ಆಗ ಮೊದಲ ಬಹುಮಾನ 50,000 ರೂಪಾಯಿ. ತಲಪಾಡಿ ಗಡಿ ದಾಟಿ ಮಂಜೇಶ್ವರ, ಕಾಸರಗೋಡಿಗೆ ಹೋದ ಕನ್ನಡಿಗರಿಗೆ ಬಸ್ ನಿಲ್ದಾಣಗಳಲ್ಲಿ ಟಿಕೆಟ್ ಹಿಡಿದು ನಿಂತವರು ಪರಿಚಿತರೇ. ಅಲ್ಲಿ ಮಾರುವುದು ಕಾಗದದ ಟಿಕೆಟ್ಟನ್ನು. ಆನ್‌ಲೈನ್‌ನಲ್ಲಿ ಮಾರುವ ವ್ಯವಸ್ಥೆ ಕೇರಳ ಸರ್ಕಾರದ್ದಲ್ಲ. ಗೆದ್ದವರು ಮೂಲ ಟಿಕೆಟ್ಟನ್ನು 30 ದಿನದೊಳಗೆ ಒಪ್ಪಿಸಬೇಕು. 2024ರ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂತು. ಅವರು ಟಿಕೆಟ್ ಕೊಂಡದ್ದು ವಯನಾಡಿನಲ್ಲಿ, 500 ರೂಪಾಯಿ ಕೊಟ್ಟು. ಅಂಥ ಬಹುಮಾನದ ಮೇಲಿನ ಶೇ 30ರಷ್ಟು ಆದಾಯ ತೆರಿಗೆಯನ್ನು ಕೊಡುವವರೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ನಗದು ಬಹುಮಾನ ಗೆದ್ದವರು ‘ಮೊದಲು ತೆರಿಗೆ ಕಳಿಸಿ’ ಎಂಬ ಕರೆಗೆ ಯಾರದೋ ಖಾತೆಗೆ ಹಣ ಹಾಕುವ ಪದ್ಧತಿ ಕಾನೂನಿನಲ್ಲೇ ಇಲ್ಲ.

ಕರ್ನಾಟಕದೊಳಗಂತೂ ಪ್ರಶ್ನೆಯೇ ಏಳುವುದಿಲ್ಲ. 1998ರ ಕೇಂದ್ರ ಲಾಟರಿ ನಿಯಂತ್ರಣ ಕಾಯ್ದೆ ರಾಜ್ಯಗಳಿಗೆ ನಿಷೇಧದ ಅಧಿಕಾರ ಕೊಟ್ಟಿದೆ. ಮರುವರ್ಷವೇ ಸುಪ್ರೀಂ ಕೋರ್ಟ್ ಲಾಟರಿಯನ್ನು ಜೂಜೆಂದೇ ಪರಿಗಣಿಸಿ, ಸ್ವಂತ ಲಾಟರಿ ನಡೆಸದ ರಾಜ್ಯ ಹೊರಗಿನದನ್ನೂ ತಡೆಯಬಹುದು ಎಂದು ಎತ್ತಿಹಿಡಿಯಿತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು. ದಿನಗೂಲಿ ಮನೆಗೆ ತಲುಪುವ ಮೊದಲೇ ಲಾಟರಿ ಅಂಗಡಿಯಲ್ಲಿ ಕರಗುತ್ತಿದ್ದ ಕಾಲವನ್ನು ಕಂಡ ಹೆಂಗಸರಿಗೆ ಆ ನಿರ್ಧಾರದ ಬೆಲೆ ಗೊತ್ತಿದೆ. ವಿದೇಶಿ ಲಾಟರಿಯ ಟಿಕೆಟ್ಟಿಗಾಗಿ ಇಲ್ಲಿಂದ ಹಣ ಕಳಿಸುವುದು ವಿದೇಶಿ ವಿನಿಮಯ ನಿರ್ವಹಣೆಯ 2000ನೇ ಇಸವಿಯ ನಿಯಮಗಳ ಪ್ರಕಾರವೂ ನಿಷಿದ್ಧ. ಆದ್ದರಿಂದ ಲಂಡನ್ನಿನದೋ ದುಬೈಯದೋ ಲಾಟರಿ ಹೊಡೆದಿದೆ, ಶುಲ್ಕ ಕಳಿಸಿ ಎಂಬ ಸಂದೇಶವನ್ನು ಎಷ್ಟು ಸೀಲು ಒತ್ತಿದ್ದರೂ ನಂಬಬೇಕಾಗಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಮೋಸಹೋದವರ ಬಗ್ಗೆ ಏನು ನಿಲುವು ತಾಳಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಅಚ್ಚರಿ ಹುಟ್ಟಿಸುವಷ್ಟು ನೇರವಾದ ಉತ್ತರ ಮೈಸೂರಿನಲ್ಲಿ ಸಿಕ್ಕ ಒಂದು ತಾಳೆಗರಿಯ ಕಟ್ಟಿನಲ್ಲಿದೆ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಜೂಜುಕಟ್ಟೆಗಳ ಮೇಲೆ ರಾಜ್ಯದ ನಿಗಾ ಹೇಗಿರಬೇಕು ಎಂಬುದಕ್ಕೆ ಅದರಲ್ಲಿ ಒಂದು ಪ್ರಕರಣವೇ ಇದೆ.

ಜೂಜಿನ ವ್ಯಾಜ್ಯ ರಾಜನ ಮುಂದೆ ಬಂದರೆ ಯಾರಿಗೆ ಎಷ್ಟು ದಂಡ? ಹಳೆಯ ಆಚಾರ್ಯರ ಅಭಿಪ್ರಾಯವನ್ನು ಕೌಟಿಲ್ಯ ಮೊದಲು ಹೇಳುತ್ತಾನೆ: ಗೆದ್ದವನಿಗೆ ಕಡಿಮೆ, ಸೋತವನಿಗೆ ಹೆಚ್ಚು, ಏಕೆಂದರೆ ಸೋತವನು ಗೆಲ್ಲುವ ಆಸೆಗೆ ಬಿದ್ದ ಮೂಢ, ಸೋಲನ್ನು ತಾಳಲಾರದೆ ದೂರು ತಂದಿದ್ದಾನೆ. ಕೌಟಿಲ್ಯ ಇದನ್ನು ಒಪ್ಪುವುದಿಲ್ಲ. ಸೋತವನಿಗೇ ಹೆಚ್ಚು ದಂಡ ಹಾಕಿದರೆ ಯಾರೂ ರಾಜನ ಹತ್ತಿರ ಬರುವುದೇ ಇಲ್ಲ ಎನ್ನುತ್ತಾನೆ. ಜೂಜುಗಾರರಲ್ಲಿ ಬಹುಪಾಲು ಜನ ಮೋಸದಾಟದವರು ಎಂಬ ಕಾರಣವನ್ನೂ ಸೇರಿಸುತ್ತಾನೆ. ಹಳೆಯ ಆಚಾರ್ಯರ ಮಾತಿಗೂ ‘ಹೀಗೇ ಆಗೋದು’ ಎನ್ನುವ ಪಕ್ಕದ ಮನೆಯವರ ಮಾತಿಗೂ ಎಷ್ಟು ಹತ್ತಿರದ ನಂಟು! ಎರಡು ಸಾವಿರ ವರ್ಷಗಳ ಹಿಂದೆ, ನಿಜವಾಗಿಯೂ ಜೂಜಿಗೆ ಕೂತವನ ವಿಷಯದಲ್ಲೇ ಕೌಟಿಲ್ಯ ಇಷ್ಟು ವಿವೇಕ ತೋರಿದ್ದಾನೆ. ಜೂಜನ್ನೇ ಆಡದೆ ಮೋಸಹೋದವರಿಗೆ ನಾವು ಅದಕ್ಕಿಂತ ಕಡಿಮೆ ತೋರಿಸುವುದು ಸರಿಯಲ್ಲ.

ನಾಚಿಕೆ ಇಲ್ಲಿ ಬರಿಯ ಮನಸ್ಸಿನ ನೋವಾಗಿ ನಿಲ್ಲುವುದಿಲ್ಲ, ಅದು ಮೋಸಗಾರನ ಬಂಡವಾಳವೂ ಹೌದು. ‘ಯಾರಿಗೂ ಹೇಳಬೇಡಿ’ ಎಂಬ ಮೊದಲ ದಿನದ ಅಪ್ಪಣೆ, ಹಣ ಹೋದ ಮೇಲೆ ‘ಹೇಗೆ ಹೇಳಲಿ’ ಎಂಬ ಸಂಕೋಚವಾಗಿ ಮುಂದುವರಿಯುತ್ತದೆ. ಗಂಡನಿಗೆ ಗೊತ್ತಾಗಬಾರದೆಂದು ಚಿನ್ನ ಅಡವಿಟ್ಟು ಮುಂದಿನ ಕಂತು ಕಟ್ಟುವುದು, ಸಂಘದ ಸಾಲ ತೆಗೆದು ಹಳೆಯ ಕುಳಿ ಮುಚ್ಚಲು ನೋಡುವುದು, ಇವು ಮೊದಲ ನಷ್ಟಕ್ಕಿಂತ ಎಷ್ಟೋ ದೊಡ್ಡ ನಷ್ಟಗಳು.

ಅಕ್ಷರದೋಷ ತುಂಬಿದ, ಯಾರು ನೋಡಿದರೂ ನಕಲಿ ಎನಿಸುವ ಪತ್ರವನ್ನೇ ಏಕೆ ಕಳಿಸುತ್ತಾರೆ ಎಂಬ ಪ್ರಶ್ನೆಗೆ ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲಿ ಉತ್ತರ ಹುಡುಕಿದ್ದರು. ಅವರು ಪರಿಶೀಲಿಸಿದ್ದು ನೈಜೀರಿಯಾದ ಹೆಸರಲ್ಲಿ ಬರುವ ಮೋಸದ ಇಮೇಲ್‌ಗಳನ್ನು. ಸಂದೇಹ ಪಡುವವರು ಮೊದಲ ಸಾಲಿಗೇ ಉದುರಿಹೋಗಲಿ, ಕೊನೆಯವರೆಗೆ ನಂಬುವ ಕೆಲವರು ಮಾತ್ರ ಉಳಿಯಲಿ ಎಂಬುದೇ ಆ ಒರಟುತನದ ಲೆಕ್ಕ ಎಂಬುದು ಅವರ ವಾದ. ಕೆಬಿಸಿ ಪತ್ರದ ತಪ್ಪು ಕಾಗುಣಿತಕ್ಕೂ ಈ ವಿವರಣೆ ಹೊಂದುತ್ತದೆ. ಹಾಗೆ ನೋಡಿದರೆ ಮೋಸಹೋದವರು ಜರಡಿ ಹಿಡಿದು ಆರಿಸಲ್ಪಟ್ಟವರು: ವಯಸ್ಸಾದವರು, ಒಂಟಿಯಾಗಿರುವವರು, ಸಾಲದಲ್ಲಿರುವವರು, ಹಿಂದಿ ಇಂಗ್ಲಿಷಿನ ಸರ್ಕಾರಿ ಕಾಗದವೆಂದರೆ ತಲೆಬಾಗುವವರು.

ಇನ್ನು ‘ಪ್ರಾರಬ್ಧ’. ತನಗೆ ಬಂದ ದುಃಖವನ್ನು ತಾಳಿಕೊಳ್ಳಲು ಒಬ್ಬರು ಆ ಮಾತನ್ನು ಆಸರೆಯಾಗಿ ಹಿಡಿದರೆ ಅದು ಅವರ ನಂಬಿಕೆ, ಅದನ್ನು ಗೌರವಿಸಬೇಕು. ಇನ್ನೊಬ್ಬರ ನಷ್ಟದ ಮೇಲೆ ತೀರ್ಪಿನಂತೆ ಅದನ್ನು ಹೇರುವುದು ಬೇರೆ. ಕರ್ಮಸಿದ್ಧಾಂತ ಮೂಲದಲ್ಲಿ ಮಾಡಿದವನನ್ನು ಹೊಣೆಗಾರನನ್ನಾಗಿಸುವ ಸಿದ್ಧಾಂತ. ಇಲ್ಲಿ ಮಾಡಿದವನು ಫೋನಿನ ಆಚೆ ಬದಿಯಲ್ಲಿದ್ದಾನೆ. ಅವನ ಕರ್ಮವನ್ನು ಬಿಟ್ಟು, ನಂಬಿದವರ ಪೂರ್ವಜನ್ಮವನ್ನು ಕೆದಕುವುದು ಸಿದ್ಧಾಂತವನ್ನು ತಲೆಕೆಳಗು ಮಾಡಿದಂತೆ. ದೇಶದ ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟ. ಜನರ ಬಾಯಲ್ಲಿ ‘ಫೋರ್ ಟ್ವೆಂಟಿ’ ಎಂದೇ ಉಳಿದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಲ್ಲಿದೆ. ವಂಚಿಸಿ ಹಣ ಕೊಡುವಂತೆ ಮಾಡಿದವನಿಗೆ ಏಳು ವರ್ಷದವರೆಗೆ ಶಿಕ್ಷೆ. ಕೊಟ್ಟವರಿಗೆ ಆಸೆ ಇತ್ತೇ ಎಂದು ಆ ಕಲಮು ಕೇಳುವುದಿಲ್ಲ.

ಹಾಗಾದರೆ ‘ದುಡಿಯದ ಹಣ ಬೇಡ’ ಎಂಬ ಶರಣರ ಕಾಯಕ ತತ್ವಕ್ಕೆ ಇಲ್ಲಿ ಏನೂ ಕೆಲಸವಿಲ್ಲವೇ? ಇದೆ. ಅದನ್ನು ತೋರಿಸಬೇಕಾದ ದಿಕ್ಕು ಬೇರೆ.

ಬಸವೇಶ್ವರನಗರವೆಂದು ಒಂದು ದೊಡ್ಡ ಬಡಾವಣೆಗೇ ಬಸವಣ್ಣನ ಹೆಸರಿಟ್ಟುಕೊಂಡ ಪಶ್ಚಿಮ ಬೆಂಗಳೂರಿನಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕತೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಇದು ನಮಗೆ ಸಲ್ಲದ್ದು, ಇದ್ದಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. ಆಕೆ ಪರೀಕ್ಷೆಗೆ ಒಡ್ಡಿದ್ದು ಮನೆಗೆ ಬಂದ ವಸ್ತುವನ್ನು: ಇದು ಎಲ್ಲಿಂದ ಬಂತು, ನಮಗೆ ಏಕೆ ಬಂತು?

ಈ ಪ್ರಶ್ನೆಯನ್ನು ಇಂದು ಕೇಳಿಕೊಳ್ಳಲೇಬೇಕಾದವರು ಖಾತೆ ಬಾಡಿಗೆಗೆ ಕೊಡುವ ಹುಡುಗರು. ನಕಲಿ ಲಾಟರಿಯ ಕಂತು ನೇರವಾಗಿ ಮೋಸಗಾರನ ಖಾತೆಗೆ ಹೋಗುವುದಿಲ್ಲ. ಯಾರದೋ ಹೆಸರಿನ ಉಳಿತಾಯ ಖಾತೆಗೆ ಬಿದ್ದು, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಾರಿ, ಕೊನೆಗೆ ಎಟಿಎಂನಲ್ಲೋ ಕ್ರಿಪ್ಟೋ ಆಗಿಯೋ ಮಾಯವಾಗುತ್ತದೆ. ಪೊಲೀಸರ ಭಾಷೆಯಲ್ಲಿ ಇವು ಮ್ಯೂಲ್ ಖಾತೆಗಳು. ಕೆಲಸ ಹುಡುಕುತ್ತಿರುವ ಹುಡುಗನಿಗೆ ಪರಿಚಯದವನೊಬ್ಬ ಹೇಳುತ್ತಾನೆ: ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು ಸಾಕು, ಬಂದದ್ದರಲ್ಲಿ ಕಮಿಷನ್ ಸಿಗುತ್ತದೆ. ಹುಡುಗ ಯಾರಿಗೂ ಕರೆ ಮಾಡುವುದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಅವನ ಖಾತೆ ಇಲ್ಲದೆ ಮೋಸ ಪೂರ್ತಿಯಾಗುವುದಿಲ್ಲ. ಅವನು ಮನೆಗೆ ತಂದ ಕಮಿಷನ್ ಇನ್ನೊಂದು ಮನೆಯ ಅಡವಿಟ್ಟ ಸರದ ತುಂಡು. ಆ ಹಣ ಎಲ್ಲಿಂದ ಬಂತು ಎಂದು ಕೇಳದೆ ಎಣಿಸಿಕೊಳ್ಳುವ ಅಪ್ಪ ಅಮ್ಮಂದಿರಿಗೂ ಲಕ್ಕಮ್ಮನ ಪ್ರಶ್ನೆ ತಟ್ಟಬೇಕು. ಬೆಂಗಳೂರಿನಲ್ಲೇ ಇರುವ ರಿಸರ್ವ್ ಬ್ಯಾಂಕಿನ ಇನ್ನೋವೇಶನ್ ಹಬ್ ಇಂಥ ಖಾತೆಗಳನ್ನು ಪತ್ತೆಹಚ್ಚಲು ‘ಮ್ಯೂಲ್‌ಹಂಟರ್’ ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ರೂಪಿಸಿದೆ. 2024ರ ಡಿಸೆಂಬರಿನಲ್ಲಿ ಅದನ್ನು ಪ್ರಕಟಿಸಲಾಯಿತು. ಯಂತ್ರ ಖಾತೆಯನ್ನು ಗುರುತಿಸೀತು. ಖಾತೆ ಕೊಡುವ ಮುನ್ನ ಕೈ ಹಿಡಿಯಬೇಕಾದವರು ಮನೆಯವರು.

ಮೋಸ ನಡೆದುಹೋಗಿದ್ದರೆ ಹೊತ್ತೇ ಎಲ್ಲಕ್ಕಿಂತ ಮುಖ್ಯ. 1930 ಎಂಬ ಸಹಾಯವಾಣಿಗೆ ಕರೆ ಮಾಡಿದರೆ, ಹಣ ಹೋದ ಬ್ಯಾಂಕಿಗೂ ಅದು ಮುಂದೆ ಸೇರಿದ ಬ್ಯಾಂಕಿಗೂ ಸಂದೇಶ ಹೋಗಿ, ಇನ್ನೂ ಖಾತೆಯಲ್ಲಿ ಉಳಿದಿರುವಷ್ಟು ಹಣಕ್ಕೆ ತಡೆ ಬೀಳುತ್ತದೆ. 2021ರಲ್ಲಿ ಶುರುವಾದ ಈ ವ್ಯವಸ್ಥೆಯ ಬಲವೆಲ್ಲ ಮೊದಲ ಗಂಟೆಗಳಲ್ಲಿದೆ. ತಡೆಹಿಡಿದ ಹಣ ನ್ಯಾಯಾಲಯದ ಆದೇಶದ ಮೂಲಕ ಮರಳಿ ಸಿಗಬಹುದು. ಎಟಿಎಂನಿಂದ ಎತ್ತಿಕೊಂಡು ಹೋದದ್ದನ್ನು ತರುವುದು ಬಹಳ ಕಷ್ಟ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಬರೆಯಬಹುದು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಈಗ ನಗರದಲ್ಲಿ ಇಂಥ ಹಲವು ಠಾಣೆಗಳಿವೆ. ಹೇರೋಹಳ್ಳಿಯವರು ಹತ್ತಿರದ ಬ್ಯಾಡರಹಳ್ಳಿ ಠಾಣೆಗೂ ಹೋಗಬಹುದು. ವ್ಯಾಪ್ತಿ ಬೇರೆ ಎಂಬ ಕಾರಣಕ್ಕೆ ದೂರು ನಿರಾಕರಿಸುವಂತಿಲ್ಲ.

ಚಾಟ್, ಧ್ವನಿ ಸಂದೇಶ, ಹಣ ಕಳಿಸಿದ ವಹಿವಾಟಿನ ಸಂಖ್ಯೆ, ಇವನ್ನು ಸಿಟ್ಟಿನಲ್ಲಿ ಅಳಿಸಬಾರದು. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ಮನೆಯ ಹಿರಿಯರಿಗೆ ಫೋನ್ ಕೈಯಲ್ಲಿ ಹಿಡಿಸಿಯೇ ತೋರಿಸಬೇಕು. ಕೆಲವು ವಾರಗಳ ಮೇಲೆ ‘ನಿಮ್ಮ ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ’ ಎಂಬ ಇನ್ನೊಂದು ಕರೆ ಬರುವುದೂ ಉಂಟು. ಒಮ್ಮೆ ಮೋಸಹೋದವರ ನಂಬರುಗಳು ಕೈ ಬದಲಾಯಿಸುತ್ತವೆ, ಹಾಗಾಗಿ ಎರಡನೇ ಕರೆಯ ಬಗ್ಗೆ ಮೊದಲೇ ಎಚ್ಚರಿಸಿರಬೇಕು.

ಮನೆಯಲ್ಲಿ ಸುದ್ದಿ ತಿಳಿದ ಕೂಡಲೇ ‘ಯಾಕೆ ಕಟ್ಟಿದೆ’ ಎಂದು ಕೇಳುವ ಬದಲು ‘ಎಷ್ಟು ಹೊತ್ತಾಯಿತು, ಯಾವ ಬ್ಯಾಂಕ್’ ಎಂದು ಕೇಳಿದರೆ ಹಣ ಉಳಿಯುವ ಸಾಧ್ಯತೆ ಇರುತ್ತದೆ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ, ಶ್ರಾವಣದ ಪೂಜೆಗೆ ಸೇರಿದ ದೇವಸ್ಥಾನದ ಅಂಗಳದಲ್ಲಿ, ಶುಕ್ರವಾರದ ಮಸೀದಿಯಲ್ಲಿ, ಭಾನುವಾರದ ಚರ್ಚಿನಲ್ಲಿ ಇಷ್ಟನ್ನು ಹೇಳಲು ಐದು ನಿಮಿಷ ಸಾಕು. ಹೇಳುವವರು 1930ರ ಜೊತೆಗೆ ಇನ್ನೊಂದನ್ನೂ ಸೇರಿಸಬೇಕು: ಹೀಗೆ ಹಣ ಕಳೆದುಕೊಂಡವರು ಈ ಸಭೆಯಲ್ಲೇ ಇರಬಹುದು, ಅವರು ಯಾವ ತಪ್ಪನ್ನೂ ಮಾಡಿಲ್ಲ, ಇವತ್ತೇ ದೂರು ಕೊಡಲು ಜೊತೆಗೆ ನಾವು ಬರುತ್ತೇವೆ.